ಗಾಳಿಯೂ ನುಗ್ಗದ ಪೆಟ್ಟಿಗೆ

ನಿಮ್ಮ ಫೋನಿನಲ್ಲೂ ಹೀಗೆ ಆಗಿರಬಹುದು. ದೂರದಲ್ಲಿರುವವರ ಮುಖ ಪರದೆಯ ಮೇಲೆ ಬರುತ್ತದೆ, ನಗುತ್ತದೆ, ಏನೋ ಹೇಳಲು ಬಾಯಿ ತೆರೆಯುತ್ತದೆ. ಅಷ್ಟರಲ್ಲಿ ಆ ಮುಖ ಕಲ್ಲಾಗಿಬಿಡುತ್ತದೆ. ನಡುವೆ ಒಂದು ಚಕ್ರ ತಿರುಗತೊಡಗುತ್ತದೆ. ನಾವು "ಹಲೋ, ಹಲೋ" ಎಂದು ಕೂಗಿ ಗಂಟಲು ಒಣಗಿಸಿಕೊಳ್ಳುತ್ತೇವೆ. ಕೊನೆಗೆ ಟವರಿಗೆ ಬಾಯಿತುಂಬ ಬೈದು, ಫೋನನ್ನು ಪಕ್ಕಕ್ಕಿಟ್ಟು ಕೂರುತ್ತೇವೆ.

ಪೆಟ್ಟಿಗೆ ಬೀದಿಯ ಒಂದು ಮನೆಯಲ್ಲಿ ಇದೇ ಗೋಳು ನಡೆದಿತ್ತು. ಆ ಬೀದಿಯಲ್ಲಿ ತಗಡಿನ ಟ್ರಂಕು, ಡಬ್ಬಿ, ಪೆಟ್ಟಿಗೆ ಮಾಡುವವರೇ ಹೆಚ್ಚು. ಬೆಳಗಾದರೆ ಸುತ್ತಿಗೆ ಸದ್ದು, ಸಂಜೆಯಾದರೂ ಸುತ್ತಿಗೆ ಸದ್ದು. ಈ ಮನೆಯಲ್ಲಿ ಮುಂದಿನ ಕೋಣೆಯೇ ಕೆಲಸದ ಜಾಗ. ಮೇಲೆ ತಗಡಿನ ಸೂರು, ಗೋಡೆಗೆ ಒರಗಿಸಿದ ತಗಡಿನ ಹಾಳೆಗಳು, ಮೂಲೆಯಲ್ಲಿ ಬೆಸುಗೆಯ ಒಲೆ. ಅಪ್ಪ ತಗಡು ಕತ್ತರಿಸಿ ಮಡಿಸುತ್ತಾನೆ. ಅಮ್ಮ ಬಣ್ಣ ಬಳಿಯುತ್ತಾಳೆ. ಮಗಳು ಮೂಲೆಗಳಿಗೆ ಬೆಸುಗೆ ಹಾಕುತ್ತಾಳೆ.

ಮಗಳನ್ನು ಎಲ್ಲರೂ ಕರೆಯುವುದು ಗುಬ್ಬಚ್ಚಿ ಎಂದು. ಹೆಸರಿಗೆ ಗುಬ್ಬಚ್ಚಿ, ಆದರೆ ಚಿಲಿಪಿಲಿ ಇಲ್ಲ. ಅವಳಿಗೆ ಉಗ್ಗು. ಹೇಳಬೇಕಾದ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎದುರಿಗಿರುವವರು ತಾಳ್ಮೆ ಕಳೆದುಕೊಂಡು ಅವಳ ಮಾತನ್ನು ತಾವೇ ಮುಗಿಸಿಬಿಡುತ್ತಾರೆ, ಅದೂ ತಪ್ಪಾಗಿ. ಹಾಗಾಗಿ ಅವಳು ಮಾತಾಡುವುದಕ್ಕಿಂತ ನೋಡುವುದನ್ನೇ ಹೆಚ್ಚು ಮಾಡುತ್ತಾಳೆ.

ಇತ್ತೀಚೆಗೆ ದೂರದ ಆಸ್ಪತ್ರೆಯ ಮಾತಿನ ಟೀಚರ್ ಒಬ್ಬರು ಅವಳಿಗೆ ಫೋನಿನಲ್ಲೇ ಪಾಠ ಶುರುಮಾಡಿದ್ದರು. ವಾರಕ್ಕೊಮ್ಮೆ, ಸಂಜೆ ಹೊತ್ತು, ಮುಖ ನೋಡಿಕೊಂಡು ಮಾತು. ಆದರೆ ಗುಬ್ಬಚ್ಚಿ ಒಂದು ಮಾತಿಗೆ ತಿಣುಕಾಡುವ ಹೊತ್ತಿಗೆ ಸರಿಯಾಗಿ ಟೀಚರ ಮುಖ ನಿಂತುಹೋಗುತ್ತಿತ್ತು. ಚಕ್ರ ತಿರುಗುತ್ತಿತ್ತು. ಫೋನು ಕಟ್ಟಾಗುತ್ತಿತ್ತು. ಪ್ರತಿ ವಾರವೂ ಇದೇ ಕಥೆ.

ಇವತ್ತು ಬೆಳಿಗ್ಗೆ ಟೀಚರಿಂದ ಮೆಸೇಜು ಬಂದಿತ್ತು. "ಸಂಜೆ ನಾಲ್ಕಕ್ಕೆ ಇನ್ನೊಂದು ಸಲ ಪ್ರಯತ್ನಿಸೋಣ. ಇವತ್ತೂ ಆಗದಿದ್ದರೆ ನಿನ್ನ ಜಾಗವನ್ನು ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ. ಬೇಜಾರಾಗಬೇಡ ಮಗು."

ಓದಿದಾಗಿನಿಂದ ಗುಬ್ಬಚ್ಚಿಯ ಮುಖ ಸಪ್ಪಗಾಗಿತ್ತು. ಬೆಸುಗೆ ಹಾಕಬೇಕಾದ ಕಡೆ ಹಾಕದೆ, ಬೇಡದ ಕಡೆ ಸುರಿದಿದ್ದಳು.

"ಎಲ್ಲಾ ಆ ಟವರಿನೋರ ಕಿತಾಪತಿ" ಎಂದ ಅಪ್ಪ. "ನಮ್ಮ ಬೀದಿ ಕಂಡ್ರೆ ಅವರಿಗೆ ಆಗಲ್ಲ. ನಾನೇನು ಸುಮ್ನೆ ಕೂತಿದ್ದೀನಾ? ಸಿಮ್ ತೆಗೆದು ಒರೆಸಿ ಹಾಕಿದೆ. ಸೆಟ್ಟಿಂಗೊಳಗೆ ಹೋಗಿ ಕಂಡಿದ್ದೆಲ್ಲಾ ಒತ್ತಿದೆ. ಇನ್ನು ಫೋನೇ ಬದಲಾಯಿಸಬೇಕು ಅಷ್ಟೆ."

"ಹೂಂ, ನಿಮ್ಮ ರಿಪೇರಿ ನನಗೆ ಗೊತ್ತಿಲ್ವಾ" ಎಂದಳು ಅಮ್ಮ, ಕುಂಚದಿಂದ ತಲೆ ಎತ್ತದೆ. "ಮೊನ್ನೆ ಯಾವನೋ ಫೋನ್ ಮಾಡಿ, ನೆಟ್‌ವರ್ಕ್ ಜಾಸ್ತಿ ಮಾಡ್ಕೊಡ್ತೀನಿ, ಮೆಸೇಜಲ್ಲಿ ಬಂದ ನಂಬರ್ ಓದಿ ಹೇಳಿ ಅಂದ. ಹಲ್ಲು ಕಿರಿದುಕೊಂಡು ಓದೋಕೆ ಹೊರಟಿದ್ರಿ. ನಾನು ಕಿತ್ಕೊಳ್ಳದೇ ಇದ್ದಿದ್ರೆ ನಮ್ಮ ಖಾತೆ ಗುಡಿಸಿ ಸಾರಿಸಿದ ಹಾಗೆ ಆಗ್ತಿತ್ತು."

"ಅದನ್ನ ಈಗ ಯಾಕೆ ತೆಗೀತೀಯ?"

"ಪಾರ್ಸೆಲ್!" ಬಾಗಿಲಲ್ಲಿ ದನಿ ಕೇಳಿತು. ಅಂಚೆಯಕ್ಕ ಬಂದಿದ್ದಳು. ಬೀದಿಯ ಕಾಗದ ಪತ್ರ, ಪಾರ್ಸೆಲುಗಳನ್ನೆಲ್ಲ ಹಂಚುವವಳು ಅವಳೇ. ಹೆಗಲಲ್ಲಿ ಚೀಲ, ಕೈಯಲ್ಲಿ ಕಚೇರಿ ಕೊಟ್ಟ ಪುಟ್ಟ ಮೆಷೀನು. "ಅಣ್ಣಾ, ನಿಮ್ಮ ಚಿಲಕ, ತಿರುಪು ಬಂದಿವೆ. ಹೊರಗೆ ಬಂದು ಸೈನ್ ಮಾಡಿ."

"ಒಳಗೇ ಬಾ ತಂಗಿ, ಬಿಸಿಲಲ್ಲಿ ಯಾಕೆ ನಿಲ್ತೀಯ?"

"ಅಯ್ಯೋ, ನಿಮ್ಮ ಕೋಣೆ ಒಳಗೆ ಬಂದ್ರೆ ನನ್ನ ಮೆಷೀನು ಉಸಿರುಗಟ್ಟಿ ಮಲಗುತ್ತೆ. ಮೆಟ್ಟಿಲ ಮೇಲೆ ನಿಂತ್ರೆ ಮಾತ್ರ ಎದ್ದು ಕೂರುತ್ತೆ."

ಅಪ್ಪ ನಗುತ್ತ ಹೊರಗೆ ಹೋಗಿ ಸಹಿ ಹಾಕಿದ. ಗುಬ್ಬಚ್ಚಿ ನಗಲಿಲ್ಲ. ಅಂಚೆಯಕ್ಕ ಯಾವಾಗಲೂ ಮೆಟ್ಟಿಲ ಮೇಲೆಯೇ ನಿಂತು ಸಹಿ ಹಾಕಿಸುವುದನ್ನು ಅವಳು ನೋಡಿದ್ದಳು. ಯಾಕೆಂದು ಇವತ್ತು ಗೊತ್ತಾಯಿತು. ಅವಳ ಕಣ್ಣು ಮನೆಗೆಲ್ಲ ಇರುವ ಒಂದೇ ಫೋನಿನ ಕಡೆ ಹೋಯಿತು. ಹೋದ ಕಣ್ಣನ್ನು ಕೂಡಲೇ ಹಿಂದೆ ಎಳೆದುಕೊಂಡಳು.

ಯಾಕೆಂದರೆ ಫೋನು ಪೆಟ್ಟಿಗೆಯಲ್ಲಿತ್ತು. ಅಪ್ಪನ ಲೆಕ್ಕದಲ್ಲಿ, ಮನೆಯಲ್ಲಿ ಯಾವ ವಸ್ತು ಬೇಕಾದದ್ದೋ ಅದಕ್ಕೊಂದು ಪೆಟ್ಟಿಗೆ ಇರಲೇಬೇಕು. ಅವನ ಕನ್ನಡಕಕ್ಕೆ ಪೆಟ್ಟಿಗೆ, ಅಮ್ಮನ ಸೂಜಿಗಳಿಗೆ ಪೆಟ್ಟಿಗೆ, ಬಾಚಣಿಗೆಗೂ ಪೆಟ್ಟಿಗೆ. ಫೋನು ಬಂದ ಹೊಸದರಲ್ಲಿ ಬೆಸುಗೆಯ ಕಿಡಿ ಸಿಡಿದು ಅದರ ಬೆನ್ನು ಸುಟ್ಟಿತ್ತು. ಮರುದಿನವೇ ಅಪ್ಪ ಕೂತು ಅದಕ್ಕೂ ಒಂದು ತಗಡಿನ ಪೆಟ್ಟಿಗೆ ಮಾಡಿದ. ಪರದೆಗೆ ಕಿಟಕಿ, ಕ್ಯಾಮೆರಾಕ್ಕೆ ಕಂಡಿ, ಸದ್ದಿಗೆ ಸಾಸಿವೆಯಷ್ಟು ತೂತು, ಬದಿಗೆ ಚಿಲಕ. ಬೆನ್ನ ಮೇಲೆ ಮೊಳೆಯಲ್ಲಿ ಕೊರೆದ ಒಂದು ಗುಬ್ಬಚ್ಚಿ. ಬೀದಿಯವರೆಲ್ಲ ಬಂದು ನೋಡಿ ಹೋಗಿದ್ದರು. ತಾನು ಮಾಡಿದ ಯಾವ ಪೆಟ್ಟಿಗೆಯ ಬಗ್ಗೆಯೂ ಅಪ್ಪನದು ಒಂದೇ ಹೊಗಳಿಕೆ: "ಗಾಳಿಯೂ ನುಗ್ಗಲ್ಲ!"

ಅಷ್ಟು ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ತಪ್ಪು ಎನ್ನುವುದು ಹೇಗೆ? ಅದೂ ಒಂದು ಮಾತು ಆಡುವುದೇ ಅವಳಿಗೆ ಬೆಟ್ಟ ಹತ್ತಿದಂತಿರುವಾಗ?

"ಏನೇ ಗುಬ್ಬಚ್ಚಿ, ಮುಖ ಊದಿಸ್ಕೊಂಡಿದ್ದೀಯ?" ಎಂದಳು ಅಂಚೆಯಕ್ಕ. ಅಮ್ಮನೇ ಎಲ್ಲವನ್ನೂ ಹೇಳಿದಳು. ಅಂಚೆಯಕ್ಕ ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತಳು. "ಕೊಡಿಲ್ಲಿ ಫೋನು. ದಿನವಿಡೀ ಈ ಮೆಷೀನಿನ ಜೊತೆ ಒದ್ದಾಡ್ತೀನಲ್ಲ, ಕಚೇರಿಯಲ್ಲಿ ಒಂದಿಷ್ಟು ಹೇಳ್ಕೊಟ್ಟಿದ್ದಾರೆ. ಆದ್ರೆ ಅಣ್ಣಾ, ಒಂದು ಮಾತು. ಕಂಡಿದ್ದೆಲ್ಲಾ ಒಟ್ಟಿಗೆ ಒತ್ತಬಾರದು. ಒಂದು ಮಾಡಿ, ನೋಡಿ, ಆಮೇಲೆ ಇನ್ನೊಂದು. ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಡ್ತು, ಗೊತ್ತಾಗೋದೇ ಇಲ್ಲ."

"ಟವರ್ ಸರಿಯಿಲ್ಲದ ಮೇಲೆ ಏನು ಮಾಡಿ ಏನು?" ಎಂದ ಅಪ್ಪ.

"ಮೊದಲು ಅದನ್ನೇ ನೋಡೋಣ. ನನ್ನದೂ ನಿಮ್ಮದೂ ಒಂದೇ ಕಂಪನಿ ಸಿಮ್ಮು." ಅವಳು ಮೆಟ್ಟಿಲ ಮೇಲೆ ಕೂತೇ ತನ್ನ ಫೋನಿನಲ್ಲಿ ಒಂದು ವಿಡಿಯೋ ಹಾಕಿದಳು. ನೀರಿನಂತೆ ಓಡಿತು. "ಟವರ್ ಪಾಪದ್ದು, ಬಿಟ್ಬಿಡಿ ಅದನ್ನ. ಬೀದಿಗೆಲ್ಲಾ ಇಲ್ಲ ಅಂದ್ರೆ ಟವರಿನ ತಪ್ಪು. ಒಬ್ಬರಿಗೇ ಇಲ್ಲ ಅಂದ್ರೆ ನಮ್ಮ ಫೋನಲ್ಲೋ ಮನೆಯಲ್ಲೋ ಹುಡುಕಬೇಕು."

ಆಮೇಲೆ ಅವತ್ತಿನ ಡೇಟಾ ಎಷ್ಟು ಉಳಿದಿದೆ ಎಂದು ನೋಡಿದಳು. ಮಧ್ಯಾಹ್ನಕ್ಕೇ ಮುಕ್ಕಾಲು ಪಾಲು ಮುಗಿದಿತ್ತು.

"ಯಾರು ತಿಂದಿದ್ದು ಇಷ್ಟೊಂದು?"

ಅಮ್ಮ ಕುಂಚವನ್ನು ಅಪ್ಪನ ಕಡೆ ತೋರಿಸಿದಳು.

"ನಾನೆಲ್ಲಿ ನೋಡ್ತೀನಿ? ಸುತ್ತಿಗೆ ಗೆಳೆಯರ ಗುಂಪಲ್ಲಿ ಅವರೇ ವಿಡಿಯೋ ಕಳಿಸ್ತಾರೆ. ನಾನು ತೆಗೆದೂ ನೋಡಲ್ಲ!"

"ನೀವು ನೋಡದಿದ್ರೂ ಅದು ತಾನೇ ಇಳಿಸಿಕೊಳ್ಳುತ್ತೆ ಅಣ್ಣಾ. ಬೆಳಗಿನ ಹೂವು, ಕುಣಿಯೋ ಮಂಗ, ಎಲ್ಲಾ." ಅವಳು ವಿಡಿಯೋಗಳು ತಾನಾಗಿ ಇಳಿಯುವುದನ್ನು ನಿಲ್ಲಿಸಿದಳು. ಹಿಂದೆ ತೆರೆದೇ ಇದ್ದ ಆಪ್‌ಗಳನ್ನು ಮುಚ್ಚಿದಳು. "ಸಂಜೆ ಹೊತ್ತಿಗೆ ಡೇಟಾ ತಳ ಕಂಡ್ರೆ ಟೀಚರ ಮುಖ ಹೇಗೆ ಓಡಬೇಕು? ಈಗ ಉಳಿದಿರೋದು ಪಾಠಕ್ಕೆ ಸಾಕು."

ಪರದೆಯ ಮೇಲ್ತುದಿಯಲ್ಲಿ ವೈಫೈ ಗುರುತು ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. "ಇದು ಯಾರ ಮನೇದು?"

"ಎದುರು ಬೇಕರಿಯೋರದು" ಎಂದ ಅಪ್ಪ, ತುಸು ಹೆಮ್ಮೆಯಿಂದ. "ಟ್ರಂಕ್ ರಿಪೇರಿ ಮಾಡ್ಕೊಟ್ಟಿದ್ದಕ್ಕೆ ಪಾಸ್‌ವರ್ಡ್ ಕೊಟ್ಟಿದ್ದಾರೆ."

"ಕೊಟ್ಟಿದ್ದಾರೆ, ಆದ್ರೆ ಇಲ್ಲಿತನಕ ಅದು ತೆವಳಿಕೊಂಡು ಬರುತ್ತೆ. ನಿಮ್ಮ ಫೋನು ಅದರ ಸೆರಗು ಹಿಡ್ಕೊಂಡು ಜೋತಾಡ್ತಾ ಇದೆ. ಸರಿಯಾಗಿ ಅದೂ ಸಿಗಲ್ಲ, ನಿಮ್ಮ ಡೇಟಾಕ್ಕೂ ಬರಲ್ಲ." ವೈಫೈ ಆರಿಸಿದಳು. ಆಮೇಲೆ ಪರದೆಯನ್ನು ಮೇಲಿಂದ ಕೆಳಗೆ ಎಳೆದು ವಿಮಾನದ ಚಿತ್ರ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ ಅದನ್ನು ತೆಗೆದಳು. "ಇದು ಫೋನಿಗೆ ಮುಖ ತೊಳೆಸಿದ ಹಾಗೆ. ಹೊಸದಾಗಿ ಟವರ್ ಹುಡುಕಿಕೊಳ್ಳುತ್ತೆ. ಇದಕ್ಕೂ ಬಗ್ಗದಿದ್ರೆ ಫೋನನ್ನ ಪೂರ್ತಿ ಆರಿಸಿ ಹಚ್ಚಬೇಕು."

ಫೋನನ್ನು ಒಳಗೆ ಕೊಟ್ಟು, ಅಂಚೆಯಕ್ಕ ಮೆಟ್ಟಿಲಿಂದ ಅದಕ್ಕೆ ವಿಡಿಯೋ ಕರೆ ಮಾಡಿದಳು. ಮೊದಲಿಗಿಂತ ವಾಸಿ. ಆದರೂ ಅವಳ ಮುಖ ನಡುನಡುವೆ ಕಲ್ಲಾಗುತ್ತಿತ್ತು.

"ನೋಡಿದ್ಯಾ? ನಾನು ಹೇಳಿಲ್ವಾ?" ಎಂದ ಅಪ್ಪ. "ಹೊಸ ಫೋನೇ ಗತಿ."

ಅಂಚೆಯಕ್ಕ ತಲೆ ಕೆರೆದುಕೊಂಡಳು. "ಸೆಟ್ಟಿಂಗಲ್ಲಿ ನೆಟ್‌ವರ್ಕ್ ರಿಸೆಟ್ ಅಂತ ಒಂದಿದೆ. ಫೋಟೋ ಏನೂ ಹೋಗಲ್ಲ, ಉಳಿಸಿಟ್ಟ ವೈಫೈ ಪಾಸ್‌ವರ್ಡ್ ಮಾತ್ರ ಅಳಿಸಿಹೋಗುತ್ತೆ. ಆದ್ರೆ ಅದು ಕೊನೆಗೆ. ಅದಕ್ಕೂ ಮೊದಲು ನೋಡೋದು ಏನೋ ಬಿಟ್ಟುಹೋಗಿದೆ..."

ಗುಬ್ಬಚ್ಚಿಗೆ ಏನು ಬಿಟ್ಟುಹೋಗಿದೆ ಎಂದು ಗೊತ್ತಿತ್ತು. ಗೋಡೆಯ ಗಡಿಯಾರ ನೋಡಿದಳು. ನಾಲ್ಕಕ್ಕೆ ಇನ್ನು ಸ್ವಲ್ಪವೇ ಹೊತ್ತು.

"ಅಪ್ಪಾ" ಎಂದಳು. "ಪೆ... ಪೆ..."

"ಪೆನ್ನು ಬೇಕಾ?" ಎಂದ ಅಪ್ಪ.

ಅವಳು ಅಲ್ಲವೆಂದು ತಲೆಯಾಡಿಸಿದಳು. ಅಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು. "ರೀ, ಅವಳೇ ಹೇಳಲಿ."

ಗುಬ್ಬಚ್ಚಿ ಉಸಿರು ಎಳೆದುಕೊಂಡಳು.

"ಪೆ... ಪೆಟ್ಟಿಗೆ. ಪೆಟ್ಟಿಗೆಯಿಂದ ತೆಗೆದು ನೋಡೋಣ ಅಪ್ಪಾ. ಅಕ್ಕನ ಮೆಷೀನೂ ತ... ತಗಡಿನ ಮಧ್ಯೆ ಬಂದ್ರೆ ನಿಲ್ಲುತ್ತೆ. ಹೊ... ಹೊರಗೆ ಸರಿ ಇರುತ್ತೆ."

ಅಪ್ಪನ ಮುಖ ಒಂದು ಗಳಿಗೆ ಚಿಕ್ಕದಾಯಿತು. "ನನ್ನ ಪೆಟ್ಟಿಗೆಯಿಂದನಾ?"

"ಅಯ್ಯೋ, ಫೋನು ಕೈಯಲ್ಲಿ ಹಿಡ್ಕೊಂಡೂ ನನಗೆ ಹೊಳೀಲಿಲ್ವಲ್ಲ!" ಅಂಚೆಯಕ್ಕ ಹಣೆ ಬಡಿದುಕೊಂಡಳು. "ಚೆಂದದ ಕವರು ಅಂದ್ಕೊಂಡುಬಿಟ್ಟಿದ್ದೆ. ಅಣ್ಣಾ, ಫೋನಿಗೆ ಬರೋ ಅಲೆಯನ್ನ ತಗಡು ತಡೆಯುತ್ತೆ. ಸೂರೂ ತಗಡು, ಗೋಡೆಗೂ ತಗಡು, ಮೇಲೆ ಮೈಗೂ ತಗಡು!"

ಅಪ್ಪ ಚಿಲಕ ತೆಗೆದು ಫೋನನ್ನು ಹೊರಗೆಳೆದ. ಬೀದಿ ಕಡೆಯ ಕಿಟಕಿಯ ಹತ್ತಿರ ಹಿಡಿದ. ಸಿಗ್ನಲಿನ ಗೆರೆ ಒಂದೇ ಇತ್ತು. "ಎಲ್ಲಿ? ಏನೂ ಆಗಲಿಲ್ಲ."

"ತಾಳಿ, ಗೆರೆ ಏರೋಕೆ ಸ್ವಲ್ಪ ಹೊತ್ತು ಬೇಕು."

ಗೆರೆ ಎರಡಾಯಿತು. ಮೂರಾಯಿತು. ಅಪ್ಪ ಕಸುಬುದಾರ. ಕೈಯಾರೆ ಮಾಡಿ ನೋಡದೆ ಯಾವುದನ್ನೂ ಒಪ್ಪುವವನಲ್ಲ. ಅಲ್ಲೇ ನಿಂತು ಫೋನನ್ನು ಮತ್ತೆ ಪೆಟ್ಟಿಗೆಗೆ ಹಾಕಿದ, ಕಾದ. ಗೆರೆ ಇಳಿಯಿತು. ತೆಗೆದ, ಕಾದ. ಗೆರೆ ಏರಿತು. ಇನ್ನೊಮ್ಮೆ ಹಾಕಿದ.

"ಸಾಕು ಬಿಡ್ರಿ, ಅದಕ್ಕೆ ತಲೆ ಸುತ್ತುತ್ತೆ" ಎಂದಳು ಅಮ್ಮ. "ಗಾಳಿಯೂ ನುಗ್ಗಲ್ಲ ಅಂತ ಬೀದಿಗೆಲ್ಲಾ ಸಾರಿದ್ದೋರು ನೀವೇ. ಪಾಪ, ಇಂಟರ್ನೆಟ್ಟು ಎಲ್ಲಿಂದ ನುಗ್ಗಬೇಕು?"

ಮೊದಲು ನಕ್ಕವನು ಅಪ್ಪ. ಅವನು ನಕ್ಕದ್ದೇ ತಡ, ಗುಬ್ಬಚ್ಚಿಯ ಎದೆಯ ಮೇಲಿದ್ದ ಭಾರ ಇಳಿಯಿತು. "ಅಂದ್ರೆ ನನ್ನ ಕೆಲಸದಲ್ಲಿ ಲೋಪ ಇಲ್ಲ" ಎಂದ ಅವನು. "ಅತಿ ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು."

ನಾಲ್ಕಕ್ಕೆ ಸರಿಯಾಗಿ ಅಮ್ಮ ಕಿಟಕಿಯ ಹತ್ತಿರ ಒಂದು ಮರದ ಸ್ಟೂಲು ಹಾಕಿದಳು. ಫೋನನ್ನು ಬಣ್ಣದ ಡಬ್ಬಿಗೆ ಒರಗಿಸಲು ಹೊರಟಳು. "ಅದೂ ತಗಡು ಕಣೇ" ಎಂದು ಅಪ್ಪನೇ ಡಬ್ಬಿ ಸರಿಸಿ ಒಂದು ಮರದ ತುಂಡು ಇಟ್ಟ. ಸುತ್ತಿಗೆಯನ್ನು ಕೆಳಗಿಟ್ಟು ಕೈಕಟ್ಟಿ ನಿಂತ.

ಟೀಚರ ಮುಖ ಬಂತು. ನಕ್ಕಿತು. "ಹೇಗಿದ್ದೀಯಮ್ಮಾ? ಈ ವಾರ ಏನು ಮಾಡಿದೆ?"

"ನಾ... ನಾನು..." ಮಾತು ಸಿಕ್ಕಿಕೊಂಡಿತು. ಗುಬ್ಬಚ್ಚಿ ಅಭ್ಯಾಸದಂತೆ ಪರದೆಯತ್ತ ಹೆದರಿ ನೋಡಿದಳು. ಇನ್ನೇನು ಮುಖ ನಿಲ್ಲುತ್ತದೆ, ಚಕ್ರ ಬರುತ್ತದೆ.

ಮುಖ ನಿಲ್ಲಲಿಲ್ಲ. ಟೀಚರು ಕಣ್ಣು ಮಿಟುಕಿಸಿದರು. ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡರು. ಸುಮ್ಮನೆ ಕಾದರು.

"ನಾನು ಪೆಟ್ಟಿಗೆಗೆ ಬೆಸುಗೆ ಹಾಕಿದೆ" ಎಂದು ಮುಗಿಸಿದಳು ಗುಬ್ಬಚ್ಚಿ. ಆಮೇಲೆ ಇಷ್ಟು ದಿನ ಯಾರಿಗೂ ಹೇಳದ ಮಾತು ಬಾಯಿಗೆ ಬಂತು. "ಟೀಚರ್, ನಾನು ಬೇ... ಬೇಗ ಮಾತಾಡಲ್ಲ ಅಂತ ಬೇಜಾರಾಗಿ ನೀವೇ ಕಟ್ ಮಾಡ್ತೀರಿ ಅಂದ್ಕೊಂಡಿದ್ದೆ."

ಅಪ್ಪನ ಕಟ್ಟಿದ ಕೈ ಸಡಿಲವಾಯಿತು. ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಅಯ್ಯೋ ಮಗೂ, ನಾನು ಯಾವತ್ತೂ ಕಟ್ ಮಾಡಿಲ್ಲ" ಎಂದರು ಟೀಚರು. "ಪ್ರತಿ ಸಲ ನಿನ್ನ ಮುಖ ನಿಂತುಬಿಡ್ತಿತ್ತು. ನಾನು ಈ ಕಡೆ ಹಲೋ ಹಲೋ ಅಂತ ಕೂಗ್ತಾ ಕೂತಿರ್ತಿದ್ದೆ. ನಿಧಾನವಾಗಿ ಹೇಳು. ಕೇಳೋಕೇ ಕೂತಿದ್ದೀನಿ. ನಿನ್ನ ಜಾಗ ನಿನ್ನದೇ."

ಅವತ್ತಿನ ಪಾಠ ಒಂದು ಸಲವೂ ಕಡಿಯಲಿಲ್ಲ. ಗುಬ್ಬಚ್ಚಿ ಚಿತ್ರದ ಪೆಟ್ಟಿಗೆ ಈಗಲೂ ಕಿಟಕಿಯ ಪಕ್ಕದಲ್ಲಿದೆ. ಅದರಲ್ಲಿ ಈಗ ಚಾರ್ಜರು ಮಲಗುತ್ತದೆ. ಕಿಡಿ ಹಾರುವ ಕಡೆಗೆ ಫೋನು ಹೋಗುವುದಿಲ್ಲ, ಅದಕ್ಕೊಂದು ರಬ್ಬರಿನ ಕವರು ಬಂದಿದೆ. ಬೀದಿಯಲ್ಲಿ ಯಾರ ಫೋನು ನಿಂತರೂ ಮೊದಲು ಓಡಿಹೋಗುವವನು ಅಪ್ಪ. "ಒಂದೊಂದೇ ಒತ್ತಿ ನೋಡ್ರಯ್ಯಾ!" ಎಂದು ಅವನು ಬೈಯುವುದನ್ನು ಕೇಳಿ ಅಮ್ಮ ಮೂಗು ಮುರಿಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿನ ಇಂಟರ್ನೆಟ್ಟು ಕೈಕೊಟ್ಟಾಗ ಗಾಬರಿಯಾಗಬೇಡಿ, ಹೊಸ ಫೋನಿಗೆ ಓಡಬೇಡಿ. ಪಕ್ಕದವರಿಗೆ ಬರುತ್ತಿದೆಯೇ ಎಂದು ಕೇಳಿ. ಡೇಟಾ ಉಳಿದಿದೆಯೇ, ಸೋತ ವೈಫೈಗೆ ಫೋನು ಜೋತುಬಿದ್ದಿದೆಯೇ ನೋಡಿ. ವಿಮಾನದ ಗುರುತು ಒತ್ತಿ ತೆಗೆಯಿರಿ, ಇಲ್ಲವೇ ಆರಿಸಿ ಹಚ್ಚಿ. ಲೋಹದ ಕವರಿದ್ದರೆ ಬಿಚ್ಚಿ, ಕಿಟಕಿಯ ಹತ್ತಿರ ಹೋಗಿ. ಒಂದಾದ ಮೇಲೆ ಒಂದು. ಏನು ಮಾಡಿದರೂ ಆಗದಿದ್ದರೆ ನಿಮ್ಮ ಸಿಮ್ ಕಂಪನಿಯ ಸಹಾಯದ ನಂಬರಿಗೆ ನೀವೇ ಕರೆ ಮಾಡಿ. ನೆಟ್‌ವರ್ಕ್ ಸರಿಮಾಡುತ್ತೇನೆಂದು ತಾವಾಗಿಯೇ ಕರೆ ಮಾಡಿದವರಿಗೆ ಮೆಸೇಜಿನಲ್ಲಿ ಬಂದ ನಂಬರನ್ನು ಖಂಡಿತ ಹೇಳಬೇಡಿ.

ಇನ್ನೊಂದು ಮಾತು. ಕರೆ ನಡುವೆ ನಿಂತುಹೋದರೆ ಆ ಕಡೆಯವರು ನಿಮ್ಮನ್ನು ಬಿಟ್ಟುಹೋದರು ಎಂದು ನೊಂದುಕೊಳ್ಳಬೇಡಿ. ಅವರೂ ಅಲ್ಲಿ ಹಲೋ ಹಲೋ ಎನ್ನುತ್ತ ಕೂತಿರಬಹುದು. ಕಿಟಕಿಯ ಹತ್ತಿರ ಹೋಗಿ, ಇನ್ನೊಂದು ಸಲ ಕರೆ ಮಾಡಿ.