ಸೊನ್ನೆಗೆ ಬಣ್ಣ ತುಂಬಿದವಳು

ಚಿತ್ರ ಬರೆಯುವವರ ಕೈಗೆ ಮೈಕು ಕೊಡಬಾರದು ಎಂಬುದು ನನ್ನ ಹಳೆಯ ಅಭಿಪ್ರಾಯ. ಆದರೆ ಗ್ಯಾಲರಿಯವರು ಕೇಳಬೇಕಲ್ಲ. ‘ಮೊದಲ ಬಣ್ಣ’ ಎಂಬ ಪ್ರದರ್ಶನ. ಕಲಾವಿದರೆಲ್ಲ ತಮ್ಮ ಹೊಸ ಕೃತಿಯ ಪಕ್ಕ ನಿಂತು, ಅದಕ್ಕೆ ಸ್ಫೂರ್ತಿ ಏನೆಂದು ನಾಲ್ಕು ಮಾತು ಹೇಳಬೇಕಂತೆ. ಮೊದಲು ಮೈಕು ಹಿಡಿದ ಶಿಲ್ಪಿ ನಾಲ್ಕನ್ನು ನಾನೂರು ಮಾಡಿದ. ಬಾಗಿದ ಒಂದು ಕಬ್ಬಿಣದ ಸಲಾಕೆಯ ಬಗ್ಗೆ ಇಷ್ಟೊಂದು ಕೊರೆಯಬಹುದೆಂದು ಆ ಸಲಾಕೆಗೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ನನ್ನ ತಂಗಿಯ ಸರದಿ. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ನಾನು ಪಠ್ಯಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವಳು. ಬರೆಯುತ್ತಿರುವುದನ್ನು ಒಬ್ಬರಿಗೊಬ್ಬರು ತೋರಿಸುವ ಅಭ್ಯಾಸ ನಮಗಿಲ್ಲ, ತೋರಿಸಿದರೆ ಜಗಳ ಗ್ಯಾರಂಟಿ. ಹಾಗಾಗಿ ಅವಳ ಚಿತ್ರದ ಮೇಲಿನ ಬಟ್ಟೆ ಸರಿದಾಗಲೇ ನಾನೂ ಅದನ್ನು ನೋಡಿದ್ದು. 

ಒಬ್ಬ ಗಂಡಸು ನಮಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ನಿಂತಿದ್ದಾನೆ. ಅವನ ಹೆಗಲ ಮೇಲೆ ಕೂತ ಮಗು ಅಂಗಡಿಯ ಬೋರ್ಡಿನಲ್ಲಿರುವ ಸೊನ್ನೆಗೆ ಕೆಂಪು ಬಣ್ಣ ತುಂಬುತ್ತಿದೆ.

“ನಮ್ಮಪ್ಪ ಬೋರ್ಡ್ ಬರೀತಿದ್ರು,” ಎಂದಳು ತಂಗಿ. “ನಂಗೆ ಎರಡು ವರ್ಷ ಆಗಿದ್ದಾಗ ಹೋಗ್ಬಿಟ್ರು. ಮುಖ ಕೂಡ ನೆನಪಿಲ್ಲ. ನೆನಪಿರೋದು ಇದೊಂದೇ. ಹೆಗಲ ಮೇಲೆ ಕೂರಿಸ್ಕೊಂಡು, ಅಂಗಡಿ ನಂಬರಿನ ಸೊನ್ನೆಗೆ ಬಣ್ಣ ತುಂಬು ಅಂದ್ರು. ನನ್ನ ಬ್ರಷ್ಷಿಂದ ಒಂದು ಹನಿ ಅವರ ತಲೆ ಮೇಲೆ ಬಿತ್ತು. ಬೈಲಿಲ್ಲ, ನಕ್ಕರು.”

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಸೊನ್ನೆಗೆ ಬಣ್ಣ ತುಂಬಿದವಳು ನಾನು. ಆಗ ನನಗೆ ಆರು ವರ್ಷ. ಅಪ್ಪ ತೀರಿಕೊಂಡ ಮೇಲೆ, ತಂಗಿ ಶಾಲೆಗೆ ಸೇರಿದ ಹೊಸದರಲ್ಲಿ, ಒಂದು ದಿನ ನೆಲಕ್ಕೆ ಬಿದ್ದು ಹೊರಳಾಡಿ ರಂಪ ಮಾಡಿದಳು. ನಿನಗಾದರೆ ಅಪ್ಪನ ನೆನಪಿದೆ, ನನಗೆ ಏನೂ ಇಲ್ಲ ಎಂದು. ಏನು ಪುಸಲಾಯಿಸಿದರೂ ಸುಮ್ಮನಾಗಲಿಲ್ಲ. “ಅಪ್ಪನ ಹೆಗಲ ಮೇಲೆ ಕೂತು ಸೊನ್ನೆಗೆ ಬಣ್ಣ ತುಂಬಿದ್ದು ನೀನೇ ಕಣೆ, ನಾನು ಕೆಳಗೆ ಸ್ಟೂಲ್ ಹಿಡ್ಕೊಂಡಿದ್ದೆ,” ಅಂದುಬಿಟ್ಟೆ. ಅಳು ಟಕ್ಕನೆ ನಿಂತಿತು. ಒಳಗಿದ್ದ ಅಮ್ಮ ಕೇಳಿಸಿಕೊಂಡೂ ಕೇಳಿಸದವಳಂತೆ ಇದ್ದಳು. ಸಾಯುವ ತನಕ ಬಾಯಿ ಬಿಡಲಿಲ್ಲ. ಅಂದು ಆ ನೆನಪನ್ನು ಅವಳಿಗೆ ಕೊಟ್ಟಾಗ ನನಗೇನೂ ಅನ್ನಿಸಿರಲಿಲ್ಲ. ಇಂದು ಇಷ್ಟು ಜನರೆದುರು ಅದು ಪೂರ್ತಿ ಅವಳದಾದಾಗ ಹೊಟ್ಟೆ ಉರಿಯಿತು.

ಮುಂದಿನ ಸರದಿ ನನ್ನದು, ಮತ್ತು ನಾನು ಬರೆದದ್ದೂ ಅದೇ ದಿನವನ್ನು. ನನ್ನ ಚಿತ್ರದಲ್ಲಿ ಬೋರ್ಡಿಲ್ಲ, ಸೊನ್ನೆಯಿಲ್ಲ. ಮೇಲಿನಿಂದ ಕಂಡ ಅಪ್ಪನ ನೆತ್ತಿ, ಎರಡು ಕಿವಿ, ಕಪ್ಪು ಕೂದಲಲ್ಲಿ ಎರಡು ಸುಳಿ, ನಡುವೆ ಒಂದು ಕೆಂಪು ಹನಿ, ಅಷ್ಟೇ. ಎರಡು ಸುಳಿ ಇದೆ, ಇನ್ನೊಂದು ಮದುವೆ ಯಾವಾಗ ಎಂದು ಅಮ್ಮ ಅಪ್ಪನನ್ನು ರೇಗಿಸುತ್ತಿದ್ದಳು. ಅಪ್ಪ ಹೋದ ಮೇಲೆ ಆ ತಮಾಷೆ ಯಾರ ಬಾಯಲ್ಲೂ ಬರಲಿಲ್ಲ.

ಮೈಕು ಕೈಗೆ ಬಂತು. ನಿಜ ಹೇಳಿದರೆ ತಂಗಿಗೆ ಅಪ್ಪನದೆಂದು ಇದ್ದೊಂದು ನೆನಪೂ ಹೋಗುತ್ತದೆ. ಹೇಳದಿದ್ದರೆ ಆ ಹೆಗಲ ಮೇಲೆ ನಾನು ಯಾವತ್ತೂ ಕೂತಿರಲೇ ಇಲ್ಲ ಎಂದಾಗುತ್ತದೆ.

“ಇದೂ ಅದೇ ದಿನದ್ದು,” ಎಂದೆ. “ನಾನು ಕೆಳಗೆ ಸ್ಟೂಲ್ ಹಿಡ್ಕೊಂಡಿದ್ದೆ.”

ಅಷ್ಟಕ್ಕೆ ಮುಗಿಸಿ ಕೂರೋಣವೆಂದರೆ ಶಿಲ್ಪಿ ಬಿಡಬೇಕಲ್ಲ. “ಕೆಳಗಿದ್ದೋರಿಗೆ ನೆತ್ತಿ ಹೇಗೆ ಕಾಣ್ಸುತ್ತೆ ಮೇಡಂ?”

ಅವನ ಸಲಾಕೆಯಿಂದಲೇ ಅವನಿಗೆ ಎರಡು ಬಿಗಿಯೋಣ ಅನ್ನಿಸಿತು. “ತಂಗಿ ಹೇಳಿದ್ಲು. ಮೇಲಿದ್ದೋಳು ಅವಳಲ್ವಾ,” ಎಂದೆ.

ಹೇಳಿದ ಮೇಲೆ ಎಡವಟ್ಟಾಯಿತೆಂದು ಹೊಳೆಯಿತು. ತಂಗಿ ಎಂದೂ ನನಗೆ ಹಾಗೆ ಹೇಳಿರಲಿಲ್ಲ. ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಕಾರ್ಯಕ್ರಮ ಮುಗಿದು ಜನ ಟೀ ಕುಡಿಯಲು ಎದ್ದರು. ತಂಗಿ ಮಾತ್ರ ನನ್ನ ಚಿತ್ರದ ಮುಂದೆ ನಿಂತೇ ಇದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

“ಎರಡು ಸುಳಿ ಇತ್ತಾ?”

“ಇತ್ತು.”

“ನಂಗೆ ಗೊತ್ತೇ ಇರ್ಲಿಲ್ಲ.” ಅವಳು ನನ್ನ ಕಡೆ ತಿರುಗಲಿಲ್ಲ. “ಹಾಗಾದ್ರೆ ಸ್ಟೂಲ್ ಹಿಡ್ಕೊಂಡಿದ್ದು ಯಾರಕ್ಕಾ?”

“ಅಮ್ಮ. ಒಂದು ಕೈಯಲ್ಲಿ. ಮಗೂನ ಬೀಳಿಸ್ತೀರ ಅಂತ ಅಪ್ಪಂಗೆ ಬೈಕೊಂಡು.”

“ಒಂದೇ ಕೈಯಲ್ಲಿ ಯಾಕೆ?”

“ಇನ್ನೊಂದು ಕೈಯಲ್ಲಿ ನಿನ್ನ ಎತ್ಕೊಂಡಿದ್ಲು.”

ಇದನ್ನು ಅಂದೇ ಹೇಳಬಹುದಿತ್ತು. ಅಷ್ಟು ಅಳುವ ಮಗುವಿಗೆ ಇಷ್ಟು ಸಾಲದು ಎಂದುಕೊಂಡಿದ್ದೆ. ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಾನು ಮಲಗಿದ್ನಾ?”

“ಇಲ್ಲ. ಹನಿ ಬಿದ್ದಾಗ ಮೊದಲು ನಕ್ಕಿದ್ದೇ ನೀನು. ನಿನ್ನ ನೋಡಿ ಅಪ್ಪ ನಕ್ಕರು.”

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು, ಆಮೇಲೆ ಸೀದಾ ಗ್ಯಾಲರಿಯವರ ಮೇಜಿನ ಹತ್ತಿರ ಹೋದಳು.

“ನನ್ನ ಚಿತ್ರ ಯಾರಿಗೂ ಕೊಡ್ಬೇಡಿ,” ಎಂದಳು. “ಇನ್ನೂ ಮುಗಿದಿಲ್ಲ. ಕೆಳಗೆ ಇಬ್ಬರು ಬಿಟ್ಟುಹೋಗಿದ್ದಾರೆ.”