ನರಸಿಂಹಮೂರ್ತಿಯವರ ತಲೆಯ ಮೇಲೆ ಕೂತ ಕಾಗೆ

ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಗೌತಮಿಯ ಫೋನಿಗೆ ಸಂದೇಶ ಬಂತು: ‘ಮಾವ ತೀರಿಕೊಂಡರು. ಇವತ್ತು ಪಾರ್ಟಿ ಇಲ್ಲ. ಸಾರಿ.’ ಕಳಿಸಿದವಳು ಎಜ್‌ವೇರ್‌ನ ಡಾಕ್ಟರ್ ಶ್ರೀಲತಾ. ಅವಳ ಮಗಳು ಇಂಚರಾಳಿಗೆ ಅವತ್ತು ಆರು ತುಂಬುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅವರ ಮನೆಯ ಹಿತ್ತಲಲ್ಲಿ ಗೌತಮಿಯ ಗೊಂಬೆಯಾಟ ನಡೆಯಬೇಕಿತ್ತು.

ಗೌತಮಿ ಪರದೇಶದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳ ಹುಟ್ಟುಹಬ್ಬಗಳಲ್ಲಿ ಬಟ್ಟೆಯ ಗೊಂಬೆಗಳನ್ನು ಆಡಿಸುತ್ತಿದ್ದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಡುವೆ ಒಂದಿಷ್ಟು ಕೈಚಳಕ. ಇದಕ್ಕಾಗಿ ಪಾರ್ಕ್ ರಾಯಲ್‌ನ ತಿಂಡಿ ಕಾರ್ಖಾನೆಯೊಂದರ ಆಫೀಸು ಕೆಲಸವನ್ನು ಕಳೆದ ಚಳಿಗಾಲದಲ್ಲಿ ಬಿಟ್ಟಿದ್ದಳು. ಕರೆಯುವವರಿಗೆ ಕೊರತೆ ಇರಲಿಲ್ಲ. ಕರೆದವರು ಕೊನೆಯ ಗಳಿಗೆಯಲ್ಲಿ ಬೇಡ ಎನ್ನುತ್ತಿದ್ದರು. ಮುಂಗಡ ಕೇಳಿ ನೋಡಿದಳು, ವಾರಕ್ಕೆ ಮೊದಲೇ ನೆನಪಿಸಿ ನೋಡಿದಳು. ಬೇಸಿಗೆ ಶುರುವಾದ ಮೇಲೆ ಅವಳ ಹೆಸರುವಾಸಿ ಗೊಂಬೆ ‘ಮಿಸ್ಟರ್ ಕಾಗೆ’ ಮಗುವಿನ ಹೆಸರು ಹಿಡಿದು ಕೂಗುವ ಪುಟ್ಟ ವಿಡಿಯೋ ಮಾಡಿ ಪ್ರತಿ ಮನೆಗೂ ಕಳಿಸಿದಳು. ಮಗು ಕಾಯುತ್ತಿದ್ದರೆ ಅಪ್ಪ ಅಮ್ಮ ರದ್ದು ಮಾಡುವುದಿಲ್ಲ ಎಂಬುದು ಅವಳ ಎಣಿಕೆ. ಆದರೆ ರದ್ದಾಗುವುದು ಇನ್ನೂ ಹೆಚ್ಚಿತು.

ಹಳೆಯ ಮ್ಯಾನೇಜರ್ ವಾಪಸ್ ಬರುತ್ತೀಯಾ ಎಂದು ಕೇಳಿದ್ದ. ಒಮ್ಮೆ ಜ್ವರ ಎಂದು, ಇನ್ನೊಮ್ಮೆ ಮನೆಗೆ ನೆಂಟರು ಬಂದಿದ್ದಾರೆ ಎಂದು ಅವಳು ಉತ್ತರವನ್ನು ಮುಂದೂಡಿದ್ದಳು. ಸೋಮವಾರ ಕೊನೆಯ ಗಡುವು. ಇಂಚರಾಳ ಪಾರ್ಟಿಯೂ ತಪ್ಪಿದರೆ ಹೂಂ ಅನ್ನುವುದೇ ಸರಿ ಎಂದು ನಿನ್ನೆಯಷ್ಟೇ ಗಂಡನಿಗೆ ಹೇಳಿದ್ದಳು.

“ಆಚೆ ವಾರ ಡ್ಯೂಟಿ ಚೇಂಜು, ಹೋದ ವಾರ ಜ್ವರ, ಈಗ ಸಾವು. ಇನ್ನೇನು ಬಾಕಿ ಇದೆ ಅಭಿ?”

“ಸಾವಿಗೆ ಯಾರೇನು ಮಾಡಕ್ಕಾಗತ್ತೆ? ಇದನ್ನ ಆ ಲೆಕ್ಕಕ್ಕೆ ಸೇರಿಸ್ಬೇಡ” ಎಂದ ಅಭಿಜಿತ್.

ಗೌತಮಿಗೆ ನಾಚಿಕೆಯಾಯಿತು. ಆ ಮುದುಕರನ್ನು ಅವಳು ಬಲ್ಲಳು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ನರಸಿಂಹಮೂರ್ತಿಗಳು ಈಚೆಗೆ ಕ್ವೀನ್ಸ್‌ಬರಿಯ ಹಾಲ್‌ನಲ್ಲಿ ನಡೆದ ಪಾರ್ಟಿಯೊಂದಕ್ಕೆ ಬಂದಿದ್ದರು. ಆಟದ ಕೊನೆಯಲ್ಲಿ ಮಿಸ್ಟರ್ ಕಾಗೆ ಹಾಲ್‌ನಲ್ಲಿರುವ ಹಿರಿಯರ ತಲೆಯ ಮೇಲೆ ಹೋಗಿ ಕೂರುವುದು ವಾಡಿಕೆ. ಅವತ್ತು ನರಸಿಂಹಮೂರ್ತಿಗಳ ಬೋಳು ತಲೆಯ ಮೇಲೆ ಕೂತು “ಅಯ್ಯೋ, ಈ ಮರದಲ್ಲಿ ಎಲೆನೇ ಇಲ್ಲ!” ಎಂದಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದವು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

“ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬರ್ತೀನಿ.”

“ಫೋನ್ ಮಾಡ್ಕೊಂಡು ಹೋಗು. ಹೇಳದೆ ಕೇಳದೆ ನುಗ್ಗೋದಕ್ಕೆ ಇದೇನು ನಿಮ್ಮೂರಾ?”

ಮಾಡಿದಳು. ಸ್ವಿಚ್ ಆಫ್. ಸಾದಾ ಬಿಳಿ ಕುರ್ತಾ ಹಾಕಿಕೊಂಡು, ಹೂವು ಹಣ್ಣು ಏನನ್ನೂ ಹಿಡಿಯದೆ ಬಸ್ ಹತ್ತಿದಳು. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದು ಎಂಬುದನ್ನು ದಾರಿಯಲ್ಲಿ ಮತ್ತೆ ಮತ್ತೆ ನೆನಪಿಸಿಕೊಂಡಳು.

ಶ್ರೀಲತಾಳ ಮನೆಯ ಗೇಟಿಗೆ ಬಣ್ಣಬಣ್ಣದ ಬಲೂನು ಕಟ್ಟಿತ್ತು. ಪಾಪ, ದುಃಖದಲ್ಲಿ ಯಾರಿಗೂ ಬಿಚ್ಚುವುದು ನೆನಪಾಗಿಲ್ಲ ಎಂದುಕೊಂಡು ಗೌತಮಿ ಒಂದೊಂದಾಗಿ ಬಿಚ್ಚತೊಡಗಿದಳು. ನಾಲ್ಕು ಬಿಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು.

“ಯಾಕಮ್ಮಾ ಬಿಚ್ತಾ ಇದೀಯ? ದಮ್ಮು ಕಟ್ಟಿ ಊದಿ ಈಗ ತಾನೇ ಕಟ್ಟಿದೀನಿ.”

ಕಾಫಿ ಲೋಟ ಹಿಡಿದು ನಿಂತಿದ್ದವರು ನರಸಿಂಹಮೂರ್ತಿಗಳು.

“ಅಂಕಲ್... ನೀವು...”

“ಓಹೋ, ಕಾಗೆ ಹುಡುಗಿ! ನಿನಗೂ ಸುದ್ದಿ ಬಂತಾ? ಮೈಸೂರಲ್ಲಿ ನಾನು ಹೋಗಿ ಆಗಲೇ ಒಂದು ವಾರ ಆಯ್ತು. ಬಾ ಒಳಗೆ, ಕಾಫಿ ಕುಡಿ.”

ಅವಳು ಒಳಗೆ ಹೋಗಿ ಕಾಫಿ ಲೋಟ ಹಿಡಿಯುವಷ್ಟರಲ್ಲಿ ಅವರ ಹೆಂಡತಿ ಚಂದ್ರಿಕಮ್ಮ ಬಂದರು. ಗೌತಮಿಯನ್ನೂ ಅವಳ ಬಿಳಿ ಕುರ್ತಾವನ್ನೂ ನೋಡಿದರು. ಅವರಿಗೆ ಎಲ್ಲವೂ ಅರ್ಥವಾದಂತಿತ್ತು.

“ತಪ್ಪು ತಿಳ್ಕೋಬೇಡ ಮಗು. ಕಾಗೆ ತಲೆ ಮುಟ್ಟಿದ್ರೆ ಸತ್ರು ಅಂತ ಸುದ್ದಿ ಕಳಿಸ್ಬೇಕು. ಕೇಳಿದವರು ಒಂದ್ಸಲ ಅತ್ತುಬಿಟ್ರೆ ದೋಷ ಕಳೀತು. ನಮ್ಮಮ್ಮನ ಕಾಲದಲ್ಲಿ ಕಾರ್ಡು ಬರೆದು ಹಾಕ್ತಿದ್ರು. ನಾನು ಮೈಸೂರಲ್ಲಿರೋ ನನ್ನ ತಂಗಿಗೆ ಫೋನ್ ಮಾಡಿದೆ, ಅಷ್ಟೆ.”

“ಬಟ್ಟೆ ಕಾಗೆ ಕಣೇ ಅದು.”

“ಬಟ್ಟೇದಾದ್ರೂ ಕಾಗೆ ಕಾಗೆನೇ. ಅತ್ಲು ಪಾಪ, ಕೇಳಿ.”

“ಅತ್ತಳು ಅಂತ ಇವಳು ಹೇಳ್ತಾಳೆ. ನನಗೆ ಅನುಮಾನ” ಎಂದರು ನರಸಿಂಹಮೂರ್ತಿಗಳು.

ಮಾತು ಕೇಳಿ ಶ್ರೀಲತಾ ಮೆಟ್ಟಿಲಿಳಿದು ಬಂದಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು. ಗೌತಮಿಯನ್ನು ಕಂಡು ಅರ್ಧದಲ್ಲೇ ನಿಂತಳು.

“ಪಾರ್ಟಿ ಇದೆ. ನಾನು ಮಾತ್ರ ಇಲ್ಲ, ಅಲ್ವಾ?” ಎಂದಳು ಗೌತಮಿ.

“ಮೊಮ್ಮಗಳ ಹುಟ್ಟಿದಬ್ಬಕ್ಕೆ ಆ ಕಾಗೆ ಬೇಡ ಅಂದ್ರು ಅತ್ತೆ. ನಿಮಗೆ ಹೇಗೆ ಹೇಳೋದು? ಬೇಜಾರ್ ಮಾಡ್ಕೋತೀರಾ ಅಂತ... ಸುದ್ದಿ ಹೇಗಿದ್ರೂ ರೆಡಿ ಇತ್ತು, ಅದನ್ನೇ ಟೈಪ್ ಮಾಡ್ಬಿಟ್ಟೆ. ದಿನಾ ಪೇಷೆಂಟ್‌ಗಳಿಗೆ ಎಂತೆಂಥದೋ ಸುದ್ದಿ ಮುಖ ನೋಡಿ ಹೇಳ್ತೀನಿ ಗೌತಮಿ. ಇದೊಂದು ಹೇಳಕ್ಕಾಗಲಿಲ್ಲ.”

ಗೌತಮಿಗೆ ಇನ್ನೊಂದು ಹೊಳೆಯಿತು. “ಹೋದ ವಾರ ರಾಕೇಶ್ ಮನೇಲಿ ಮಗೂಗೆ ಜ್ವರ ಅಂದಿದ್ರು.”

ಶ್ರೀಲತಾ ನೆಲ ನೋಡಿದಳು. “ಜ್ವರ ಇರಲಿಲ್ಲ. ಅವರಮ್ಮನೂ ಊರಿಂದ ಬಂದಿದಾರೆ. ನಿಮ್ಮ ವಿಡಿಯೋ ನೋಡಿದ್ರಂತೆ.”

ವಿಡಿಯೋದಲ್ಲಿ ಮಿಸ್ಟರ್ ಕಾಗೆ ಒಂದು ಪುಟ್ಟ ಗೊಂಬೆಯ ತಲೆಯ ಮೇಲೆ ಕೂತು ಮಗುವಿನ ಹೆಸರು ಕೂಗುತ್ತಿತ್ತು. ರದ್ದಾಗುವುದನ್ನು ತಡೆಯಲೆಂದು ತಾನೇ ಮಾಡಿದ ವಿಡಿಯೋ. ಅಜ್ಜಿಯರು ಊರಿಂದ ಬರುವ ಬೇಸಿಗೆಯಲ್ಲೇ ಅದನ್ನು ಮನೆ ಮನೆಗೆ ಕಳಿಸಿದ್ದಳು.

ಗೌತಮಿಗೆ ಸಿಟ್ಟು ಬಂತು. ಕಾಗೆ ಬೇಡವೆಂದದ್ದಕ್ಕಲ್ಲ. ಇಷ್ಟು ಮನೆಗಳಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಜ್ವರವಂತೆ! ಆ ಮಾತು ನಾಲಿಗೆಯ ತುದಿಗೆ ಬಂದಾಗ ಪಾರ್ಕ್ ರಾಯಲ್‌ನ ಮ್ಯಾನೇಜರ್ ನೆನಪಾದ. ಅವನಿಗೆ ಅವಳು ಹೇಳಿದ್ದೂ ಜ್ವರವೇ. ತನ್ನ ಮನೆಯಲ್ಲಿ ಆಗ ಯಾರಿಗೂ ಮೈ ಬಿಸಿಯಾಗಿರಲಿಲ್ಲ.

ಕಾಫಿಯನ್ನು ಒಂದು ಗುಟುಕು ಕುಡಿದಳು. ಆಮೇಲೆ ಚಂದ್ರಿಕಮ್ಮನ ಕಡೆ ತಿರುಗಿದಳು.

“ಆಂಟಿ, ಕಾಗೆನೇ ಬೇಡ್ವಾ? ಇಲ್ಲಾ ತಲೆ ಮೇಲೆ ಕೂರೋದು ಬೇಡ್ವಾ?”

ಇದನ್ನು ಈವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಚಂದ್ರಿಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಯೋಚಿಸಿದರು.

“ತಲೆ ಮುಟ್ಬಾರದು. ದೂರ ಕಿಟಕೀಲಿ ಕೂತು ಕೂಗಲಿ, ನಂದೇನೂ ಅಡ್ಡಿಯಿಲ್ಲ. ಕೂಗಿದ್ರೆ ನೆಂಟರು ಬರ್ತಾರೆ, ಒಳ್ಳೇದೇ.”

“ಮೊದಲು ನಿನ್ನ ತಂಗಿಗೆ ಫೋನ್ ಮಾಡಿ ನಾನು ಬದುಕಿದೀನಿ ಅನ್ನು. ಇಲ್ದಿದ್ರೆ ಅವಳೇ ಬಂದಾಳು” ಎಂದರು ನರಸಿಂಹಮೂರ್ತಿಗಳು.

ಮೆಟ್ಟಿಲ ಮೇಲಿಂದ ಇಂಚರಾ ಇಣುಕಿದಳು. “ಈಸ್ ಮಿಸ್ಟರ್ ಕಾಗೆ ಕಮಿಂಗ್, ಅಜ್ಜಿ?”

“ಬರ್ತಾನೆ. ದೂರ ಕೂತ್ಕೋತಾನೆ.”

“ಹೋಗಿ ಬರ್ತೀನಿ ಆಂಟಿ” ಎಂದಳು ಗೌತಮಿ, ಜೋರಾಗಿಯೇ. ಹೊರಗೆ ಬಂದು ಬಿಚ್ಚಿದ್ದ ನಾಲ್ಕು ಬಲೂನುಗಳನ್ನು ಗೇಟಿಗೆ ಮತ್ತೆ ಕಟ್ಟಿ, ಗೊಂಬೆಗಳನ್ನು ತರಲು ಬಸ್ ಹಿಡಿದಳು.

ಮೂರಕ್ಕೆ ಆಟ ನಡೆಯಿತು. ಮಿಸ್ಟರ್ ಕಾಗೆ ಅಡುಗೆಮನೆಯ ಕಿಟಕಿಯಲ್ಲಿ ಕೂತು ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆಯಿತು. ನರಸಿಂಹಮೂರ್ತಿಗಳು ಎರಡು ಸಲ ತಲೆ ಬಗ್ಗಿಸಿ ಕಿಟಕಿಯ ಹತ್ತಿರ ಹೋದರು. ಎರಡು ಸಲವೂ ಚಂದ್ರಿಕಮ್ಮ ತೋಳು ಹಿಡಿದು ಎಳೆದರು.

ಭಾನುವಾರ ಗೌತಮಿ ಆಗಸ್ಟ್‌ಗೆ ಗೊತ್ತುಮಾಡಿದ್ದ ಎಲ್ಲ ಮನೆಗಳಿಗೂ ಫೋನ್ ಮಾಡಿದಳು. ಮನೆಯ ಹಿರಿಯರಿಗೆ ಕೊಡಿ ಎಂದು ಕೇಳಿ, ಆಟದಲ್ಲಿ ಏನು ಇರಬಾರದು ಎಂದು ಅವರನ್ನೇ ವಿಚಾರಿಸಿದಳು. ಇಬ್ಬರು ಆಟವೇ ಬೇಡ ಎಂದು ಅಲ್ಲೇ ಹೇಳಿದರು. ಉಳಿದವರಲ್ಲಿ ಆಮೇಲೆ ರದ್ದು ಮಾಡಿದ್ದು ಒಬ್ಬರು ಮಾತ್ರ. ಆ ಮಗುವಿಗೆ ನಿಜವಾಗಿಯೂ ಜ್ವರ ಬಂದಿತ್ತು.

ಆ ಭಾನುವಾರದ ಮರುದಿನ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಪಾರ್ಕ್ ರಾಯಲ್‌ಗೆ ಫೋನ್ ಮಾಡಿ, ತಾನು ಬರುವುದಿಲ್ಲ, ಗೊಂಬೆಯಾಟವನ್ನೇ ಮುಂದುವರಿಸುತ್ತೇನೆ ಎಂದಳು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ಮ್ಯಾನೇಜರ್ ಫೋನ್ ಇಟ್ಟ.