ಹನ್ನೆರಡು ಕೋಕೋ ಗಿಡ

"ಎತ್ತಲೇ ಕೊಡಲಿ, ಸೂಳೇಮಗನ! ನಿಮ್ಮಪ್ಪ ಹುಟ್ಟಿಸಿದ ಮರ ಏನಲೇ ಇವು?"

ಗೌಡ ಅಣವೀರಪ್ಪನ ಜೋಡು ಮಾಪಣ್ಣನ ಸೊಂಟಕ್ಕೆ ಬಿತ್ತು. ಮಾಪಣ್ಣ ಬೇವಿನ ಬುಡಕ್ಕೆ ಮೊದಲ ಏಟು ಹಾಕಿದ. ಬೇಲಿಯ ಬಳಿ ನಿಂತಿದ್ದ ಅವನ ಹೆಂಡತಿ ಬಂಡೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕಮಲಾಪುರದ ಆ ತೋಟ ಗೌಡನದು. ಪಾಲಿಗೆ ಗೇಯುತ್ತಿದ್ದವರು ಹೊಲಗೇರಿಯ ಈ ಗಂಡ ಹೆಂಡತಿ. ಹನ್ನೊಂದು ವರ್ಷದ ಹಿಂದೆ ಗೌಡನ ಮಾಲಿ ಸಲಾವುದ್ದೀನ್ ಹೈದರಾಬಾದಿನಿಂದ ಕೋಕೋ ಬೀಜ ತಂದಿದ್ದ, ಚಾಕಲೇಟು ಮಾಡುವ ಬೀಜ ಅಂತ. ಮೊಳೆತದ್ದೆಲ್ಲ ಬಿಸಿಲಿಗೆ ಸುಟ್ಟುಹೋಗತೊಡಗಿತು. "ಇವು ಎಳೀ ಕೂಸು ಇದ್ದಂಗ, ತಲಿ ಮ್ಯಾಲ ನೆರಳ ಬೇಕು" ಎಂದು ಬಂಡೆಮ್ಮನೇ ಸುತ್ತ ಬೇವು ಹಚ್ಚಿದಳು, ನಡುವೆ ಕೆಂಪು ಬಾಳೆ ಹಾಕಿದಳು, ಉದುರಿದ ಎಲೆಯನ್ನು ಗುಡಿಸದೆ ಬುಡಕ್ಕೇ ಹೊದಿಸಿದಳು. ಹನ್ನೆರಡು ಗಿಡ ಬದುಕಿದವು. ಕಾಯಿಗಳೆಲ್ಲ ಗೌಡನ ಮನೆಗೆ. ಒಮ್ಮೆ ಬಂಡೆಮ್ಮ ಕಾಯಿಯೊಳಗಿನ ಬಿಳಿ ತಿರುಳನ್ನು ತನ್ನ ಮಗಳ ನಾಲಿಗೆಗೆ ಇಟ್ಟದ್ದಕ್ಕೆ, ಗೌಡ ಆ ಕೂಸಿನ ಬಾಯಿಗೆ ಮಣ್ಣು ತುಂಬಿಸಿದ್ದ.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ವಾರ ಸಲಾವುದ್ದೀನ್ ತೋಟದ ಬಾವಿಯಲ್ಲಿ ಹೆಣವಾಗಿ ತೇಲಿದ. ಅವನ ಹೆಂಡತಿ ಮೆಹಬೂಬಿ ಕಲಬುರಗಿ ಸೇರಿ, ಬೇಳೆ ಆರಿಸಿ ಹೊಟ್ಟೆ ಹೊರೆಯುತ್ತಿದ್ದಳು. ಅದಾಗಿ ಮೂರು ಬೇಸಿಗೆ ಕಳೆದಿದ್ದವು. ಈಗ ಗೇಯ್ದವರಿಗೆ ಭೂಮಿಯ ಹಕ್ಕು ಕೊಡುವ ಕಾಯ್ದೆ ಬಂದಿತ್ತು. ತೋಟ ನೋಡಿ ದಾಖಲೆ ಬರೆಯಲು ಕಂದಾಯದ ಗಿರ್ದಾವರ ಬರುವವನಿದ್ದ. ಮರವೇ ಇಲ್ಲವೆಂದ ಮೇಲೆ ಹಚ್ಚಿದವರು ಯಾರು ಎಂದು ಯಾರು ಕೇಳುತ್ತಾರೆ?

ಬಂಡೆಮ್ಮ ಕಲಬುರಗಿಯ ದಾರಿ ಹಿಡಿದಳು. ಮರುದಿನ ಮೆಹಬೂಬಿಯ ಗುಡಿಸಲು ಸಿಕ್ಕಿತು.

"ಸಾಕ್ಷಿ ಹೇಳು ಬಾ ತಂಗಿ. ಗಿಡ ಹಚ್ಚಿದ್ದು ನೋಡಿದಾಕಿ ನೀನೊಬ್ಬಾಕಿನೇ ಉಳದಿ."

"ಆ ಬಾವಿ ಮುಂದ ಹ್ಯಾಂಗ ನಿಂದರಲಿ ಅಕ್ಕಾ?"

ಬಂಡೆಮ್ಮ ಪಕ್ಕದಲ್ಲಿ ಕುಳಿತು ಅವಳ ಜೊತೆ ಬೇಳೆ ಆರಿಸತೊಡಗಿದಳು. ಮೊರ ಖಾಲಿಯಾದ ಮೇಲೆ ಮೆಹಬೂಬಿ ಎದ್ದು ಬುರ್ಖಾ ಹಾಕಿಕೊಂಡಳು.

ಇಬ್ಬರೂ ತೋಟ ಮುಟ್ಟಿದಾಗ ಅಲ್ಲಿ ಬೇವೂ ಇರಲಿಲ್ಲ, ಬಾಳೆಯೂ ಇರಲಿಲ್ಲ. ಬೋಳು ನೆಲದಲ್ಲಿ ಕೋಕೋ ಗಿಡಗಳ ಎಲೆಗಳು ಕಂದಾಗಿ ಮುದುರಿದ್ದವು. ಮಾಪಣ್ಣ ಒಂದು ಬೊಡ್ಡೆಯ ಮೇಲೆ ಕುಳಿತಿದ್ದ. ತಲೆಯೆತ್ತದೆ ಅಂದ: "ನನ್ನ ಕೈಲೆನೇ ಕಡಿಸಿದ್ರು ಬಂಡೆಮ್ಮಾ."

ಗಿರ್ದಾವರ ಕೊಡೆಯ ಕೆಳಗೆ ನಿಂತಿದ್ದ. "ಇಲ್ಲಿ ತೋಟ ಎಲ್ಲದ? ಬೀಳು ಭೂಮಿ ಅಂತ ಬರೀತೀನಿ."

"ನಾ ನೋಡೀನ್ರಿ ಸಾಬ್," ಮೆಹಬೂಬಿ ಮುಂದೆ ಬಂದಳು. "ನಮ್ಮ ಮನಿಯವರು ಬೀಜ ತಂದ್ರು. ಬೆಳೆಸಿದಾಕಿ ಈಕಿ."

ಗೌಡ ನಕ್ಕ. "ಹೌದೇನ? ನಿನ್ನ ಗಂಡನ್ನ ಬಾವ್ಯಾಗಿಂದ ಎಬ್ಬಿಸಿಕೊಂಡು ಬಾ. ಅವ ಹೇಳಲಿ ಸಾಕ್ಷಿ."

ಗಿರ್ದಾವರ ಅವಳತ್ತ ನೋಡಲಿಲ್ಲ. ಪೆನ್ನಿನ ಟೊಪ್ಪಿ ತೆಗೆದ.

ಬೇಲಿಯ ಮೂಲೆಯ ಒಂದು ಗಿಡದಲ್ಲಿ ಮಾತ್ರ ಇನ್ನೂ ನಾಲ್ಕು ಹಸಿರು ಎಲೆಗಳಿದ್ದವು. ಮೆಹಬೂಬಿ ಅತ್ತ ನಡೆದಳು. ಅಷ್ಟು ಗಂಡಸರ ಎದುರು ಬುರ್ಖಾ ಕಳಚಿದಳು. ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಬಂಡೆಮ್ಮನ ಕೈಗಿಟ್ಟಳು. ಇಬ್ಬರೂ ಅದನ್ನು ಗಿಡದ ಮೇಲೆ ಹರವಿ ಎತ್ತಿ ಹಿಡಿದರು.

"ಮಾಪ್ಯಾ, ಅದನ್ನೂ ಕಡಿಯಲೇ!"

ಮಾಪಣ್ಣ ಎದ್ದ. ಬರಿಗೈಲಿ ಬಂದು ಮೂರನೆಯ ತುದಿ ಹಿಡಿದ.

ಗಿರ್ದಾವರ "ಬೀಳು" ಎಂದು ಬರೆದ. ಗೌಡನ ಆಳುಗಳು ಸುತ್ತುವರಿಯತೊಡಗಿದರು. ಬಿಸಿಲಿಗೆ ಮೂವರ ತೋಳುಗಳೂ ನಡುಗುತ್ತಿದ್ದವು. ಯಾರೂ ಇಳಿಸಲಿಲ್ಲ.